ಹತ್ತಿ ಹೊಲಕ್ಕೆ ಕಳಿಸಿದ ಪಾಠಗಳು

ನಮ್ಮ ಹೈಸ್ಕೂಲಿನಲ್ಲಿ ಆಗಸ್ಟ್ ಬಂತೆಂದರೆ ಹಾಜರಿ ಕರೆಯುವುದೇ ನನಗೊಂದು ಹಿಂಸೆ. ಹುಡುಗಿಯರ ಹೆಸರು ಕೂಗಿದಾಗ ಅವರ ದನಿ ಬರುವುದಿಲ್ಲ, ಪಕ್ಕದಲ್ಲಿ ಕೂತವಳ ದನಿ ಬರುತ್ತದೆ: "ಕ್ರಾಸಿಂಗಿಗೆ ಹೋಗ್ಯಾಳ್ರಿ ಟೀಚರ್."

ಹಿರೇಕೆರೂರು ತಾಲ್ಲೂಕಿನ ಈ ಊರಿನ ಸುತ್ತ ಬೀಜದ ಕಂಪನಿಗಳಿಗಾಗಿ ಹೈಬ್ರಿಡ್ ಹತ್ತಿ ಬೆಳೆಯುತ್ತಾರೆ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನ ಹೆಬ್ಬೆರಳಿನ ಉಗುರಿನಿಂದ ಸೀಳಿ, ಒಳಗಿನ ಗಂಡು ಭಾಗವನ್ನು ಕಿತ್ತು, ಮೇಲೊಂದು ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಿಗ್ಗೆ ಚೀಲ ತೆಗೆದು ಬೇರೆ ತಳಿಯ ಹೂವನ್ನು ತಂದು ಸವರಬೇಕು. ಇದೇ ಕ್ರಾಸಿಂಗ್. ಮೊಗ್ಗುಗಳು ಕಣ್ತಪ್ಪಿ ತಾವೇ ಅರಳಿ ಕಾಯಿ ಕಟ್ಟಿದರೆ ಬೀಜ ಕಲಬೆರಕೆಯಾಗುತ್ತದೆ, ಕಂಪನಿಯವರು ಆ ಹೊಲದ ಬೀಜವನ್ನೇ ಬೇಡವೆನ್ನುತ್ತಾರೆ. ಹಾಗಾಗಿ ಒಂದು ದಿನವೂ ತಪ್ಪಿಸುವಂತಿಲ್ಲ. ಸಣ್ಣ ಬೆರಳು, ಚುರುಕು ಕಣ್ಣು ಬೇಕು. ಅವೆರಡೂ ಇರುವುದು ನನ್ನ ಕ್ಲಾಸಿನ ಹುಡುಗಿಯರಿಗೆ. ಬೆಳಗಿನ ಕೆಲಸ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಎರಡು ಪೀರಿಯಡ್ ಆಗಿರುತ್ತದೆ, ಮಧ್ಯಾಹ್ನದ ಕೆಲಸ ಊಟದ ಗಂಟೆಯ ಹಿಂದೆಯೇ ಶುರುವಾಗುತ್ತದೆ. ಹೀಗೆ ಸುಮಾರು ಮೂರು ತಿಂಗಳು.

ನಾನು ಗಣಿತ ಕಲಿಸುತ್ತೇನೆ. ಹಾನಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಸಿಟ್ಟು ನನಗೆ ಮೂಗಿನ ತುದಿಯಲ್ಲಿ. ಮೊದಲ ವರ್ಷಗಳಲ್ಲಿ ಈ ಸಿಟ್ಟೇ ನನ್ನ ಬೋಧನೋಪಕರಣವಾಗಿತ್ತು ಎಂದರೂ ತಪ್ಪಿಲ್ಲ. ಶಾಲೆ ಬಿಟ್ಟ ಮೇಲೆ ಹೊಲಗಳಿಗೆ ಹೋಗಿ ತಾಯಂದಿರ ಜೊತೆ ಜಗಳ ಕಾಯುತ್ತಿದ್ದೆ. ಹತ್ತು ಕಡೆ ಹೋದರೆ ಎರಡು ಕಡೆ ಫಲ ಸಿಗುತ್ತಿತ್ತು. ಹಾಗೆ ಸಿಕ್ಕವಳು ನಮ್ಮ ಕ್ಲಾಸ್ ಲೀಡರ್. ಅವಳು ಎಂಟನೇ ತರಗತಿಯಲ್ಲಿದ್ದಾಗ ಅವಳ ತಾಯಿ ನನ್ನ ಬಾಯಿಗೆ ಹೆದರಿಯೋ ಬೇಸತ್ತೋ ಕ್ರಾಸಿಂಗಿಗೆ ಒಬ್ಬ ಆಳು ಹೆಂಗಸನ್ನು ಹಿಡಿದು, ಮಗಳನ್ನು ಶಾಲೆಗೆ ಕಳಿಸಿದಳು. ಆ ಹುಡುಗಿ ಬೋರ್ಡಿನ ಮೇಲೆ ನಾನು ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳಿ, "ತಡೀ, ಉಳಿದವರು ಮಾಡ್ಲಿ" ಎಂದು ನನ್ನಿಂದ ಬೈಸಿಕೊಳ್ಳುತ್ತಿದ್ದವಳು.

ಒಂಬತ್ತನೇ ತರಗತಿಗೆ ಬಂದ ವರ್ಷ ಆ ಆಳು ಹೆಂಗಸು ಬೇರೆ ಊರಿಗೆ ಹೋಗಿಬಿಟ್ಟಳು. ಆಗಸ್ಟ್ ಮೊದಲ ವಾರ ಲೀಡರಿನ ಜಾಗ ಖಾಲಿ. ನಾನು ಎಂದಿನಂತೆ ಸಿಟ್ಟು ಹೊತ್ತುಕೊಂಡು ಹೊಲಕ್ಕೆ ಹೋದೆ. ಅವಳ ತಾಯಿ ಒಂದು ಮೊಗ್ಗನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ತೋರಿಸಿದಳು.

"ನೋಡ್ರಿ ಅಕ್ಕಾರ, ನನಗ ಇದು ಮೊಗ್ಗೋ ಎಲಿಯೋ ಗೊತ್ತಾಗಂಗಿಲ್ಲ. ಹ್ವಾದ ವರ್ಷ ನಿಮ್ಮ ಮಾತು ಕೇಳೇನಿ. ಈ ವರ್ಷ ನೀವ ಹೇಳ್ರಿ, ಯಾರನ್ನ ತರ್ಲಿ?"

ನಾನು ಬದುವಿಗೆ ಸರಿದು ನಿಂತೆ. ಗಿಡಗಳ ನಡುವಿನಿಂದ ಜಾನಪದ ಹಾಡು ಕೇಳಿಸುತ್ತಿತ್ತು. ಹೆಂಗಸರಲ್ಲೊಬ್ಬಳು ಕೀಪ್ಯಾಡ್ ಫೋನನ್ನು ಕುತ್ತಿಗೆಗೆ ನೇತುಹಾಕಿಕೊಂಡಿದ್ದಳು. ಮೊಬೈಲ್ ಅಂಗಡಿಯಲ್ಲಿ ಮೆಮರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬಂದರೆ ಸೀಜನ್ ಪೂರ್ತಿ ಅದೇ ಹಾಡು. ಇಂಟರ್ನೆಟ್ ಬೇಡ, ದೊಡ್ಡ ಫೋನ್ ಬೇಡ. ಕೈ ಕೆಲಸದಲ್ಲಿರುತ್ತದೆ, ಕಿವಿ ಖಾಲಿ ಇರುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು: ಆ ಕಿವಿಗೆ ಹಾಡಿನ ಬದಲು ಪಾಠ ಹಾಕಿದರೆ?

ಮರುದಿನದಿಂದ ಶುರು ಮಾಡಿದೆ. ತರಗತಿಯಲ್ಲಿ ರೆಕಾರ್ಡ್ ಮಾಡಿದರೆ ದನಿ ಗೋಡೆಗೆ ಬಡಿದು ಗೊಂಯ್ ಎನ್ನುತ್ತಿತ್ತು. ಕೊನೆಗೆ ಬಿಸಿಯೂಟದ ಅಕ್ಕಿ ಚೀಲಗಳಿಟ್ಟ ಕೋಣೆ ಒದಗಿತು. ಚೀಲಗಳ ನಡುವೆ ಕೂತು, ಬಾಗಿಲು ಹಾಕಿಕೊಂಡು, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಮಾತಾಡಬೇಕು. ಪಾಠ ಏಳು ನಿಮಿಷ ದಾಟಬಾರದು, ದಾಟಿದರೆ ಹೊಲದಲ್ಲಿ ಯಾರೂ ಕೇಳುವುದಿಲ್ಲ. ಕೊನೆಗೆ ಮೂರು ಪ್ರಶ್ನೆ. ಪ್ರಶ್ನೆಯ ನಂತರ ಅವರು ಮನಸ್ಸಿನಲ್ಲೇ ಲೆಕ್ಕ ಮಾಡಲು ಅರ್ಧ ನಿಮಿಷ ಮೌನ. ಆ ಅರ್ಧ ನಿಮಿಷ ಸುಮ್ಮನಿರುವುದು ನನ್ನಂಥ ಬಾಯಿಬಡುಕಿಗೆ ಎಷ್ಟು ಕಷ್ಟ ಎಂಬುದು ಆಗ ಗೊತ್ತಾಯಿತು.

ಬೋರ್ಡಿಲ್ಲದೆ ಗಣಿತ ಹೇಳುವುದು ಹೇಗೆ? ನಿರ್ದೇಶಾಂಕಗಳ ಪಾಠಕ್ಕೆ ಹೊಲವೇ ಬೋರ್ಡಾಯಿತು. "ಬದುವಿನ ಮೂಲೆಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಮೂರನೇ ಸಾಲು, ಆ ಸಾಲಿನಲ್ಲಿ ಐದನೇ ಗಿಡ. ಆ ಗಿಡದ ವಿಳಾಸ ಮೂರು ಅಲ್ಪವಿರಾಮ ಐದು." ಹುಡುಗಿಯರು ಗಿಡಗಳಿಗೆಲ್ಲ ವಿಳಾಸ ಕೊಟ್ಟರು. ಬೀಜಗಣಿತ ಕಿವಿಗೆ ಚೆನ್ನಾಗಿ ಇಳಿಯಿತು. ತ್ರಿಭುಜಗಳು ಮಾತ್ರ ಇಳಿಯಲಿಲ್ಲ. ಎರಡು ತ್ರಿಭುಜಗಳು ಸರ್ವಸಮ ಎಂದು ಬಾಯಲ್ಲಿ ಹೇಳಲು ನಾಲ್ಕು ಸಲ ಯತ್ನಿಸಿ ಕೈಬಿಟ್ಟೆ.

ಮೊದಲ ಕಾರ್ಡುಗಳು ಹೊಲಕ್ಕೆ ಹೋದ ಎರಡನೇ ದಿನವೇ ದೂರು ಬಂತು. ಒಂದನೇ ಪಾಠದ ಹಿಂದೆ ಹತ್ತನೇ ಪಾಠ, ಅದರ ಹಿಂದೆ ಹನ್ನೊಂದು, ಆಮೇಲೆ ಎರಡು. ಆ ಫೋನುಗಳು ಅಂಕಿಯನ್ನು ಅಂಕಿಯಂತೆ ಓದುವುದಿಲ್ಲ, ಅಕ್ಷರದಂತೆ ಓದುತ್ತವೆ. ಗಣಿತದ ಟೀಚರಿಗೆ ಎಣಿಸಲು ಬರುವುದಿಲ್ಲ ಎಂದು ಹೊಲದ ತುಂಬ ನಗೆ. ಎಲ್ಲ ಕಾರ್ಡು ವಾಪಸು ತರಿಸಿ, ಒಂದಂಕಿಯ ಹೆಸರುಗಳ ಮೊದಲಿಗೆ ಸೊನ್ನೆ ಸೇರಿಸಿ ಮತ್ತೆ ತುಂಬಿದೆ. ಹಾಡುಗಳನ್ನು ಅಳಿಸಬಾರದೆಂದು ಹೆಂಗಸರ ಷರತ್ತು. ಒಪ್ಪಿಕೊಂಡೆ. ಮೂರು ಪಾಠಕ್ಕೆ ಎರಡು ಹಾಡು.

ಮಧ್ಯಾಹ್ನ ಊಟಕ್ಕೆ ಕೂತಾಗ ಹುಡುಗಿಯರು ಒಬ್ಬೊಬ್ಬರಾಗಿ ನನಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ನಾನು ಸ್ಟಾಫ್ ರೂಮಿನಿಂದ ವಾಪಸು ಕರೆ ಮಾಡಿ ಮೂರು ಪ್ರಶ್ನೆಯ ಉತ್ತರ ಕೇಳುತ್ತಿದ್ದೆ. ಲೀಡರ್ ಉತ್ತರ ಹೇಳಿ, ತನ್ನದೊಂದು ಪ್ರಶ್ನೆಯನ್ನೂ ನನಗೆ ಹಾಕುತ್ತಿದ್ದಳು. ಆ ಮೂರು ತಿಂಗಳು ನನ್ನ ಚಪಾತಿ ಬಿಸಿ ಇದ್ದಾಗ ತಿಂದದ್ದು ನೆನಪಿಲ್ಲ, ಆದರೆ ಅಷ್ಟು ಖುಷಿಯಾಗಿ ನಾನು ಕೆಲಸ ಮಾಡಿದ್ದೂ ಕಡಿಮೆ.

ಆಗಲೇ ತಪ್ಪೊಂದನ್ನು ಮಾಡಿದೆ. ಉತ್ತರ ಹೇಳಿದವರಿಗೆ ಹಾಜರಿ ಹಾಕಿದೆ. ಹೆಡ್‌ಮಾಸ್ತರನ್ನು ಕೇಳಿಯೇ ಹಾಕಿದೆ.

"ಕಲಿಯಾಕತ್ತಾರಲ್ರಿ ಮೇಡಂ, ಹಾಕ್ರಿ," ಎಂದರು ಅವರು. "ಕ್ಲಾಸಿನ್ಯಾಗ ಕುಂತು ನಿದ್ದಿ ಮಾಡಾವ್ರಿಗೇ ಹಾಕ್ತೇವಿ."

ನನಗೂ ಅದು ನ್ಯಾಯವೆಂದೇ ಕಂಡಿತು. ಮಾರ್ಚಿನಲ್ಲಿ ಲೀಡರ್ ತರಗತಿಗೇ ಮೊದಲಿಗಳಾಗಿ ಪಾಸಾದಳು. ಹತ್ತನೆಯದು ಮುಗಿಸಿ ಹಾನಗಲ್ಲಿನಲ್ಲಿ ಪಿಯು ಸೈನ್ಸ್ ಸೇರುವುದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ನನ್ನ ಮನೆಯಿಂದ ಕಾಲೇಜು ಎಷ್ಟು ಹೆಜ್ಜೆ ಎಂದೂ ಕೇಳಿದ್ದಳು.

ಬೇಸಿಗೆಯಲ್ಲಿ ಶಿಗ್ಗಾಂವಿಯಲ್ಲಿ ಶಿಕ್ಷಕರ ತರಬೇತಿ ನಡೆಯಿತು. ತರಗತಿಯ ಹೊರಗೆ ತಂತ್ರಜ್ಞಾನ ಎಂಬ ವಿಷಯಕ್ಕೆ ನನ್ನನ್ನು ಮಾತಾಡಲು ಕರೆದರು. ಪ್ರೊಜೆಕ್ಟರ್ ಹಚ್ಚಿ, ಅಕ್ಕಿ ಚೀಲದ ಫೋಟೋ ತೋರಿಸಿ, ಒಂದು ಪಾಠ ಕೇಳಿಸಿದೆ. ಚಪ್ಪಾಳೆ ಬಿತ್ತು. ಹಾನಗಲ್ಲಿನವರು, ತಡಸದವರು ಪೆನ್‌ಡ್ರೈವಿನಲ್ಲಿ ಪಾಠಗಳನ್ನು ಹಾಕಿಸಿಕೊಂಡರು. ಹಾಜರಿಯ ವಿಷಯ ಮಾತ್ರ ನಾನು ಬಾಯಿ ಬಿಡಲಿಲ್ಲ. ಚಹಾ ಕುಡಿಯುವಾಗ ಸವಣೂರು ಕಡೆಯ ಒಬ್ಬ ಹಿರಿಯ ಶಿಕ್ಷಕಿ ನನ್ನ ಪಕ್ಕಕ್ಕೆ ಬಂದರು. ಅವರ ಶಾಲೆಯ ಮಕ್ಕಳು ಎಲೆಬಳ್ಳಿ ತೋಟಗಳಲ್ಲಿ ದುಡಿಯುವವರ ಮಕ್ಕಳು.

"ಚಲೋ ಐತ್ರಿ ಮೇಡಂ. ಆದ್ರ ಒಂದ ಮಾತು. ಸಾಲೀನ ತೋಟಕ್ಕ ಹ್ವಾದ್ರ, ಹುಡುಗ್ಯಾರು ಸಾಲಿಗೆ ಯಾಕ ಬರ್ತಾರ್ರಿ?"

ಹೊಟ್ಟೆಕಿಚ್ಚು ಎಂದುಕೊಂಡೆ. ನಾಚಿಕೆಯಿಂದ ಹೇಳುತ್ತಿದ್ದೇನೆ, ಹಾಗೇ ಅಂದುಕೊಂಡೆ. "ಒಮ್ಮೆ ಮಾಡಿ ನೋಡ್ರಿ, ಆಮ್ಯಾಲ ಹೇಳ್ರಿ" ಎಂದು ಖಾರವಾಗಿಯೇ ಉತ್ತರಿಸಿದೆ. ಅವರು ಚಹಾದ ಕಪ್ಪನ್ನು ಕಿಟಕಿಯಲ್ಲಿಟ್ಟು ಹೋದರು.

ಜೂನ್‌ನಲ್ಲಿ ಶಾಲೆ ತೆರೆಯಿತು. ಹತ್ತನೇ ತರಗತಿಯ ಪಾಠಗಳನ್ನು ನಾನು ಮುಂಚಿತವಾಗಿಯೇ ರೆಕಾರ್ಡ್ ಮಾಡತೊಡಗಿದ್ದೆ. ಇಪ್ಪತ್ತು ಪಾಠ ತಯಾರಿದ್ದವು. ಜುಲೈ ಕೊನೆಯ ವಾರ ಕಾರ್ಡು ಕೇಳಿಕೊಂಡು ಮೊದಲು ಬಂದವನು ತಂದೆಯೂ ಅಲ್ಲ, ತಾಯಿಯೂ ಅಲ್ಲ. ಬೀಜದ ಕಂಪನಿ ಮತ್ತು ರೈತರ ನಡುವೆ ನಿಂತು ಹೊಲ ಗೊತ್ತುಮಾಡುವ ಆರ್ಗನೈಸರ್. ಬೈಕಿನ ಹಿಂದೆ ಒಂದು ಹೊಸ ಸ್ಪೀಕರ್ ಕಟ್ಟಿಕೊಂಡು ಬಂದಿದ್ದ.

"ಈ ಸಲ ಎಲ್ಲಾ ಪ್ಲಾಟಿಗೂ ಕೊಡ್ರಿ ಮೇಡಂ. ಮಂದಿಗೆ ಹೇಳೇನಿ, ನಮ್ಮ ಪ್ಲಾಟಿನ್ಯಾಗ ಸಾಲೀನೂ ನಡೀತೈತಿ, ಹುಡುಗ್ಯಾರನ್ನ ಹೆದರಲಾರದ ಕಳಸ್ರಿ ಅಂತ. ಹಾಜರೀನೂ ನೀವು ಹಾಕ್ತೀರಲ್ರಿ?"

ಆಗಲೂ ನನಗೆ ಪೂರ್ತಿ ಹೊಳೆಯಲಿಲ್ಲ. ಅವನನ್ನು ಬೈದು ಕಳಿಸಿದೆ, ಆದರೆ ಹುಡುಗಿಯರಿಗೆ ಕಾರ್ಡು ಕೊಟ್ಟೆ. ಅವುಗಳಿಂದ ನಕಲು ತೆಗೆಯಲು ಎರಡು ನಿಮಿಷ ಸಾಕು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಆಗಸ್ಟ್ ಎರಡನೇ ವಾರ ಹಾಜರಿ ಕರೆದೆ. ಹತ್ತನೆಯ ತರಗತಿಯಲ್ಲಿ ಒಂಬತ್ತು ಹುಡುಗಿಯರಿಲ್ಲ. ಹಿಂದಿನ ವರ್ಷ ಇದೇ ತರಗತಿಯಿಂದ ಹೋಗಿದ್ದವರು ಐವರು. ಎಂಟನೆಯ ತರಗತಿಗೆ ಹೋದೆ. ಅಲ್ಲಿ ಮೂವರು ಇರಲಿಲ್ಲ. ಆ ಮೂವರ ಮನೆಯಲ್ಲಿ ಹತ್ತಿ ಹೊಲವೇ ಇಲ್ಲ, ಬೇರೆಯವರ ಹೊಲಕ್ಕೆ ಹೋಗಿದ್ದರು. ನಾನು ಹಾಜರಿ ಪುಸ್ತಕ ಮುಚ್ಚಿ ಅಂದೇ ಹೊಲಗಳ ಕಡೆ ನಡೆದೆ.

ಲೀಡರಿನ ಹೊಲ ಇನ್ನೂ ದೂರವಿರುವಾಗಲೇ ನನ್ನ ದನಿ ಕೇಳಿಸಿತು. ಸ್ಪೀಕರಿನಲ್ಲಿ ನಾನು ಸಮಾಂತರ ಶ್ರೇಢಿ ಹೇಳುತ್ತಿದ್ದೆ. ಪಕ್ಕದ ಹೊಲದಲ್ಲಿ ನಾನೇ ಹಿಂದಿನ ವರ್ಷದ ಬಹುಪದೋಕ್ತಿ ಹೇಳುತ್ತಿದ್ದೆ. ಎರಡರ ನಡುವಿನ ಬದುವಿನ ಮೇಲೆ ನಿಂತು ಎರಡನ್ನೂ ಕೇಳಿಸಿಕೊಂಡೆ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

"ಆಳು ಯಾಕ ಹಿಡೀಲಿಲ್ಲ ನೀವು?" ಎಂದು ಲೀಡರಿನ ತಾಯಿಯನ್ನು ಕೇಳಿದೆ. "ಹತ್ತನೇ ಕ್ಲಾಸ್ ಐತಿ ಅಂತ ಗೊತ್ತಿರಲಿಲ್ಲೇನು?"

"ಒಬ್ಬಾಕಿ ಬರ್ತೇನಿ ಅಂದಿದ್ಲ್ರಿ ಅಕ್ಕಾರ, ಜೂನ್‌ದಾಗ ಬಂದು ಕೇಳಿದ್ಲು. ನಾನ ಬ್ಯಾಡ ಅಂದ್ನಿ. ಸಾಲಿ ಹೊಲಕ್ಕ ಬರ್ತೈತಲ್ಲ, ಮಗಳು ಕಣ್ಣ ಮುಂದ ಕಲೀತಾಳ, ಮತ್ತ ಆಳು ಯಾಕ ಅಂದ್ನಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಹ್ವಾದ ವರ್ಷ ಮೊದಲ ನಂಬರ್ ಬಂದ್ಲಲ್ರಿ. ನಿಮ್ಮ ಪುಣ್ಯಾ."

ಆ ರಾತ್ರಿಯೆಲ್ಲ ಯೋಚಿಸಿ ಮರುದಿನ ಹೆಡ್‌ಮಾಸ್ತರ ಮುಂದೆ ಕೂತೆ. ಎರಡು ಮಾತು ಹೇಳಿದೆ. ಇವತ್ತಿನಿಂದ ಹೊಸ ಪಾಠ ರೆಕಾರ್ಡ್ ಮಾಡುವುದಿಲ್ಲ. ಇವತ್ತಿನಿಂದ ಕ್ಲಾಸಿನಲ್ಲಿ ಕೂತವರಿಗೆ ಮಾತ್ರ ಹಾಜರಿ, ಅದನ್ನು ಅಂದಂದೇ ಕಂಪ್ಯೂಟರಿಗೆ ಏರಿಸಬೇಕು, ಆಮೇಲೆ ತಿದ್ದುವಂತಿರಬಾರದು.

"ಸೀಜನ್ ನಡಕ ನಿಲ್ಲಿಸ್ತೀರೇನ್ರಿ?" ಎಂದರು ಅವರು. "ಈ ವರ್ಷ ಹೆಂಗೋ ನಡೀಲಿ. ಮುಂದಿನ ವರ್ಷದಿಂದ ಮಾಡ್ರಿ."

"ಮುಂದಿನ ವರ್ಷ ಎಂಟನೇದವ್ರು ಮೂರಲ್ಲ, ಹತ್ತು ಮಂದಿ ಹೋಗ್ತಾರ್ರಿ ಸರ್."

ಅವರು ಒಪ್ಪಿದರು. ನಾನು ಪ್ರತಿ ಹೊಲಕ್ಕೂ ಹೋಗಿ ಹೇಳಿದೆ: ಇನ್ನು ಪಾಠ ಬರುವುದಿಲ್ಲ, ಹಾಜರಿ ಇಲ್ಲದಿದ್ದರೆ ಹತ್ತನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಹೆದರಿದರು. ಒಂದು ವಾರದಲ್ಲಿ ಎಂಟನೆಯ ಮೂವರೂ ಬಂದರು. ಹತ್ತನೆಯ ಒಂಬತ್ತರಲ್ಲಿ ಎಂಟು ಜನ ಬಂದರು. ಅವರೆಲ್ಲ ಬೇರೆಯವರ ಹೊಲಕ್ಕೆ ಹೋಗುತ್ತಿದ್ದವರು, ಇಲ್ಲವೇ ಮನೆಯಲ್ಲಿ ಇನ್ನೊಬ್ಬ ಅಕ್ಕನೋ ಅತ್ತಿಗೆಯೋ ಇದ್ದವರು. ಲೀಡರ್ ಬರಲಿಲ್ಲ.

ಅವಳ ತಾಯಿ ಸುಮ್ಮನೆ ಕೂತಿರಲಿಲ್ಲ. ಜೂನ್‌ನಲ್ಲಿ ಬೇಡವೆಂದು ಕಳಿಸಿದ್ದ ಹೆಂಗಸಿನ ಮನೆಗೆ ಹೋಗಿ ಕೈಮುಗಿದು ಬಂದಳು. ಆಕೆ ಬೇರೆ ಹೊಲ ಹಿಡಿದಾಗಿತ್ತು. ನಮ್ಮೂರ ಕ್ರಾಸಿಂಗಿಗೆ ಆಳು ಗೊತ್ತಾಗುವುದು ಬಿತ್ತನೆಯ ಹೊತ್ತಿಗೇ, ಆಮೇಲೆ ಒಬ್ಬರೂ ಸಿಗುವುದಿಲ್ಲ. ಆಡೂರಿನ ತನಕ ಹುಡುಕಿ ನೋಡಿದಳು. ನಾನೂ ಹಾನಗಲ್ಲಿನಲ್ಲಿ ನನಗೆ ಪರಿಚಯವಿದ್ದವರನ್ನೆಲ್ಲ ಕೇಳಿದೆ. ಎರಡು ಭಾನುವಾರ ನಾನೇ ಹೊಲಕ್ಕೆ ಹೋಗಿ ಮೊಗ್ಗು ಸೀಳಲು ಕೂತೆ. ನನ್ನ ಉಗುರಿಗೆ ಸಿಕ್ಕ ಮೊಗ್ಗುಗಳೆಲ್ಲ ಹರಿದೇ ಹೋದವು. ಮೂರನೇ ಸಾಲಿಗೆ ಬರುವಷ್ಟರಲ್ಲಿ ತಾಯಿ ಮೆಲ್ಲಗೆ, "ನೀವು ಕುಂದರ್ರಿ ಅಕ್ಕಾರ" ಎಂದು ನನ್ನನ್ನು ಬದುವಿಗೆ ಕಳಿಸಿದಳು.

ಅಲ್ಲೇ ಆಕೆ ಒಂದು ಮಾತು ಆಡಿದಳು. ಸಿಟ್ಟಿನಿಂದಲ್ಲ.

"ನೀವು ಇದನ್ನ ಜೂನ್‌ದಾಗ ಹೇಳಿದ್ರ ಆಗ್ತಿತ್ತಲ್ರಿ."

ಲೀಡರ್ ಸಾಲಿನಲ್ಲಿ ಬಗ್ಗಿಕೊಂಡೇ ಇದ್ದಳು. ಹೊಸ ಪಾಠ ನಿಂತಿದ್ದರಿಂದ ಹಳೆಯ ಇಪ್ಪತ್ತನ್ನೇ ತಿರುಗಿ ಮುರುಗಿ ಕೇಳುತ್ತಿದ್ದಳು. ನಾನು ಹೋದಾಗ ಪುಸ್ತಕ ತೆಗೆದು ತ್ರಿಭುಜದ ಪ್ರಮೇಯ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ಹೇಳುತ್ತಿದ್ದೆ. ಅಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು, ಬಸ್ಸು ತಪ್ಪುತ್ತಿತ್ತು. ಅವಳ ಮುಖದಲ್ಲಿ ಯಾವ ಚಿಂತೆಯೂ ಕಾಣುತ್ತಿರಲಿಲ್ಲ. ಹಾಜರಿಯ ಮಾತನ್ನು ಅವಳು ನನ್ನ ಮಾಮೂಲಿ ಬೆದರಿಕೆಗಳಲ್ಲಿ ಒಂದು ಎಂದುಕೊಂಡಿದ್ದಳು. ನಾನು ಅಷ್ಟು ಸಲ ಹೆದರಿಸಿ ಅಷ್ಟು ಸಲ ಬಿಟ್ಟಿದ್ದೆ.

ನವೆಂಬರಿನಲ್ಲಿ ಕ್ರಾಸಿಂಗ್ ಮುಗಿದ ಮರುದಿನವೇ ಅವಳು ಶಾಲೆಗೆ ಬಂದಳು. ಮೊದಲ ಬೆಂಚು, ತನ್ನ ಜಾಗ. ಅವಳ ಹೆಬ್ಬೆರಳಿನ ಉಗುರು ಕಪ್ಪಾಗಿ ಮುರಿದಿತ್ತು. ಅಂದು ಸಂಜೆ ನಾನು ಲೆಕ್ಕ ಹಾಕಿದೆ. ವರ್ಷದ ಒಟ್ಟು ದಿನ, ಆದ ದಿನ, ಉಳಿದ ದಿನ. ಉಳಿದ ದಿನಗಳಲ್ಲಿ ಒಂದನ್ನೂ ಅವಳು ತಪ್ಪಿಸದಿದ್ದರೂ ಪರೀಕ್ಷೆಗೆ ಬೇಕಾದ ಹಾಜರಿ ತಲುಪುತ್ತಿರಲಿಲ್ಲ. ಮೂರು ಸಲ ಕೂಡಿಸಿದೆ. ಹೆಡ್‌ಮಾಸ್ತರರಿಗೆ ತೋರಿಸಿದೆ. ಅವರು ನನ್ನ ಮುಖ ನೋಡಿದರು. "ತಿದ್ದುವಂತಿರಬಾರದು ಅಂತ ನೀವ ಹೇಳಿದ್ರಿ" ಎನ್ನಬಹುದಿತ್ತು, ಅನ್ನಲಿಲ್ಲ. ಮೇಲಿನವರಿಗೆ ಪತ್ರ ಬರೆದರು. ಇಲ್ಲ ಎಂಬ ಉತ್ತರ ಬಂತು.

ನಾನು ಅವಳಿಗೆ ಹೇಳಬೇಕಿತ್ತು. ಇವತ್ತು, ನಾಳೆ ಎಂದು ದಿನ ದೂಡಿದೆ. ಊರಿಗೆಲ್ಲ ಬೈಯುವ ನನಗೆ ಆ ಒಂದು ಮಾತಿಗೆ ಬಾಯಿ ಬರಲಿಲ್ಲ.

ಪರೀಕ್ಷೆಯ ಅರ್ಜಿ ತುಂಬುವ ವಾರ ಬಂತು. ಎಲ್ಲರೂ ಯೂನಿಫಾರ್ಮಿನಲ್ಲಿ ಫೋಟೋ ತೆಗೆಸಿಕೊಂಡು ಬರಬೇಕು. ಒಟ್ಟು ಮಾಡುವುದು ಲೀಡರಿನ ಕೆಲಸ. ಒಂದು ಮಧ್ಯಾಹ್ನ ಅವಳು ಸ್ಟಾಫ್ ರೂಮಿಗೆ ಬಂದು, ಮೂವತ್ತೆರಡು ಜನರ ಫೋಟೋಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟಳು. ಎಲ್ಲಕ್ಕಿಂತ ಮೇಲೆ ಅವಳದೇ. ಎಣ್ಣೆ ಹಚ್ಚಿ ಎರಡು ಜಡೆ ಬಿಗಿದು, ಕ್ಯಾಮೆರಾವನ್ನು ದಿಟ್ಟಿಸಿ ನೋಡುತ್ತಿದ್ದಳು.

ನಾನು ಆ ಫೋಟೋವನ್ನು ಎತ್ತಿ ಬೇರೆ ಇಟ್ಟೆ. ಬಾಗಿಲು ಹಾಕಿ ಬಾ ಎಂದೆ. ಲೆಕ್ಕ ಬರೆದ ಹಾಳೆಯನ್ನು ಅವಳ ಮುಂದಿಟ್ಟೆ. ಹೇಳುವ ಧೈರ್ಯವಿಲ್ಲದೆ ಹಾಳೆ ತೋರಿಸಿದೆ. ಅವಳು ಓದಿದಳು. ನಾನು ಕೂಡಿಸಿದ್ದನ್ನು ಬೆರಳಿಟ್ಟು ತಾನೂ ಕೂಡಿಸಿದಳು. ಸರಿಯಿತ್ತು.

"ಹ್ವಾದ ವರ್ಷನೂ ನಾ ಹೊಲದಾಗ ಇದ್ನ್ರಿ ಟೀಚರ್," ಎಂದಳು. "ಹಾಜರಿ ಹಾಕಿದ್ರಿ. ಈ ವರ್ಷನೂ ಅದ ಹೊಲದಾಗ ಇದ್ನಿ, ನಿಮ್ಮ ಪಾಠಾನ ಕೇಳಿದ್ನಿ. ಈ ವರ್ಷ ನಾ ಏನ್ ತಪ್ಪ ಮಾಡೇನಿ?"

"ನೀ ಏನೂ ತಪ್ಪ ಮಾಡಿಲ್ಲವ್ವಾ. ತಪ್ಪ ಮಾಡಿದಾಕಿ ನಾನು."

"ಹಂಗಾದ್ರ ನಿಮ್ಮ ಹಾಜರಿ ಕಡಿಮಿ ಆಗಬೇಕಾಗಿತ್ತಲ್ರಿ."

ಉದ್ಧಟತನ ಅವಳ ದನಿಯಲ್ಲಿರಲಿಲ್ಲ. ಲೆಕ್ಕ ತಾಳೆಯಾಗದಾಗ ಬೋರ್ಡಿನ ಮುಂದೆ ಕೇಳುತ್ತಿದ್ದ ಹಾಗೆಯೇ ಕೇಳಿದಳು. ಮುಂದಿನ ವರ್ಷ ಖಾಸಗಿಯಾಗಿ ಬರೆಯಬಹುದು, ನಾನೇ ಹಣ ಕಟ್ಟಿ ಬರೆಸುತ್ತೇನೆ, ಮನೆಗೆ ಬಂದು ಪಾಠ ಹೇಳುತ್ತೇನೆ ಎಂದು ಏನೇನೋ ಹೇಳಿದೆ. ಮುಂದಿನ ವರ್ಷವೂ ಜುಲೈ ಆದ ಮೇಲೆ ಆಗಸ್ಟೇ ಬರುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅವಳು ತಲೆ ಆಡಿಸಿದಳು. ತನ್ನ ಫೋಟೋವನ್ನು ಎತ್ತಿಕೊಂಡು ಕಂಪಾಸ್ ಪೆಟ್ಟಿಗೆಯಲ್ಲಿಟ್ಟಳು.

ಬಾಗಿಲ ತನಕ ಹೋಗಿ ತಿರುಗಿ ನಿಂತಳು.

"ಉಳಿದವ್ರ ಫೋಟೋ ಹಿಂದ ಹೆಸರು ಬರದಿಲ್ರಿ. ಹಂಗ ಬಿಟ್ರ ಕಲಸಿ ಹೋಗ್ತಾವು. ಬರದು ಕೊಡ್ಲೇನ್ರಿ?"

ಹೂಂ ಎಂದೆ. ಅವಳು ನನ್ನ ಮೇಜಿನ ಎದುರು ಕೂತು, ಒಂದೊಂದು ಫೋಟೋವನ್ನೂ ತಿರುಗಿಸಿ, ಅದರ ಬೆನ್ನಿಗೆ ದುಂಡಗಿನ ಅಕ್ಷರದಲ್ಲಿ ಮೂವತ್ತೊಂದು ಹೆಸರು ಬರೆದಳು.